ಚಕ್ಕುಬಂದಿ

ನಿನ್ನ ಕುರ್ಚಿಯ ಒಂದು ಕಾಲಿಗೆ ಈಗಲೂ ಅದೇ ರಟ್ಟಿನ ಚೂರು.
ಹಾಸನದ ತಾಲ್ಲೂಕು ಕಚೇರಿಯ ಕಾಂಪೌಂಡಿಗೆ ಬೆನ್ನು ಕೊಟ್ಟು
ಹತ್ತೂವರೆಗೆ ಕೂತರೆ
ಬಿಸಿಲು ಮೊದಲು ಬರುವುದು ಮೊಣಕಾಲಿಗೆ.
ಪಕ್ಕದ ಖಲೀಲ್ ಸಾಹೇಬರು ಮೊದಲ ದಿನ ಏನೂ ಕೇಳಲಿಲ್ಲ,
ತಮ್ಮ ಛತ್ರಿಯನ್ನು ಒಂದು ಗೇಣು
ನನ್ನ ಕಡೆಗೆ ಸರಿಸಿದರು.

ಮೊದಲ ಅರ್ಜಿ ನನ್ನದೇ.
ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ
ನನ್ನ ಪತಿ ಲೇಟ್ ನಾಗಭೂಷಣರವರು...
ಲೇಟ್.
ಊಟ ಆರಿದ ರಾತ್ರಿಗಳಲ್ಲೆಲ್ಲ
ನಾನು ಅಂದು ಅಂದು ಸವೆಸಿದ ಮಾತು.
ಸರ್ಕಾರ ಅದನ್ನೀಗ ನಿನ್ನ ಹೆಸರಿನ ಮುಂದೆ ಕೂರಿಸಿದೆ.

ನೀನು ಬಿಟ್ಟುಹೋದದ್ದು ಎರಡು ಸೀಲು,
ನನಗೆ ದಾಟಿಸಲು ಬಾರದ ಒಂದು ಲೈಸೆನ್ಸು,
ಚೀಟಿಯ ಹದಿನೇಳು ಕಂತು,
ಮೈಸೂರಿಗೆ ಹೊರಟ ಆಂಬುಲೆನ್ಸಿನ ಬಾಡಿಗೆ.
ಹೊಳೆನರಸೀಪುರ ದಾಟುವ ಮೊದಲೇ ನೀನಿರಲಿಲ್ಲ,
ಆದರೂ ಹೋಗಿ ಬಂದ ಪೂರ್ತಿ ಕಿಲೋಮೀಟರಿಗೆ
ಲೆಕ್ಕ ಹಾಕಿದರು.
ನನ್ನ ಬಳೆ ಎರಡು ಬಿ.ಎಂ. ರಸ್ತೆಯ ಸಾಲದಂಗಡಿಯಲ್ಲಿ
ಮೈಗೆ ನಂಬರು ಅಂಟಿಸಿಕೊಂಡು ಮಲಗಿವೆ,
ಆಸ್ಪತ್ರೆಯ ಮಕ್ಕಳ ಹಾಗೆ.

ಕ್ರಯಪತ್ರ ನಾನು ಬರೆಯುವಂತಿಲ್ಲ.
ಅರ್ಜಿಗೆ ಐವತ್ತು, ಫಾರಂ ತುಂಬಲು ಮೂವತ್ತು,
ಅತ್ತವರಿಗೆ ಇಪ್ಪತ್ತು.
ಇದನ್ನು ನಿಲ್ಲಿಸಮ್ಮ, ಎಂದರು ಸಾಹೇಬರು,
ಇಲ್ಲಿಗೆ ಬರೋರೆಲ್ಲ ಅಳೋರೇ,
ಹಿಂಗಾದ್ರೆ ನೀನು ಹಾಲು ತಗೊಳ್ಳೋದು ಯಾವಾಗ?

ಕಟ್ಟಾಯದ ಕಡೆಯ ಸಣ್ಣೀರಮ್ಮ, ವಾರಸಾ ಖಾತೆಗೆ ಬಂದವಳು,
ಗಂಡ ತೀರಿದ ತಾರೀಖು ಕೇಳಿದರೆ
‘ಆಲೂಗಡ್ಡೆ ಬಿತ್ತನೆ ಕುಯ್ತಿದ್ವಿ ಕಣವ್ವ,
ತುಂಡಿಗೊಂದಾದ್ರೂ ಕಣ್ಣಿರಬೇಕಲ್ಲ,
ಕಣ್ಣು ನೋಡಿ ನೋಡಿ ಕುಯ್ತಿದ್ವಿ,
ಕುಡ್ಲು ಹಿಡ್ಕಂಡೇ ಓಡ್ಬಂದೆ,
ಆಮ್ಯಾಕೆ ಅದನ್ನ ಯಾರು ಇಸ್ಕಂಡ್ರೋ’ ಅಂದಳು.
ಫಾರಮಿನಲ್ಲಿ ಆ ಕಾಲಂ ಎರಡು ಇಂಚು.
ಮೇ ಇಪ್ಪತ್ತು, ಅಂದಾಜು, ಎಂದು ಬರೆದೆ.
ಉಳಿದದ್ದನ್ನು ಮನೆಗೆ ತಂದೆ.

ಕೆಟ್ಟುಹೋದ ಫಾರಂಗಳ ಬೆನ್ನು ಖಾಲಿ ಇರುತ್ತದೆ.
ಮೊದಲೆಲ್ಲ ನಾನು ಕದ್ದು ಬರೆದದ್ದನ್ನು ನೀನು ಓದಿ,
ಚೆನ್ನಾಗಿದೆ, ಸಾಕ್ಷಿಗಳ ಸಹಿ ಎಲ್ಲಿ? ಎಂದು ನಗುತ್ತಿದ್ದೆ.
ಈಗ ಕದಿಯುವುದೇನೂ ಇಲ್ಲ.
ಪಾತ್ರೆ ತೊಳೆದು, ದಿನದ ಚಿಲ್ಲರೆ ಎಣಿಸಿ, ಕೂತೆನೆಂದರೆ
ಪೂರ್ವಕ್ಕೆ ಮಗಳ ಚಾಪೆ,
ನಾಳೆ ಟ್ಯೂಷನ್ ಫೀಸಿನ ಮಾತೆತ್ತುತ್ತಾಳೆ;
ಪಶ್ಚಿಮಕ್ಕೆ ಗೋಡೆ, ಆಚೆ ಮನೆಯ ಮಿಕ್ಸಿ;
ದಕ್ಷಿಣಕ್ಕೆ ನಿನ್ನ ತಮ್ಮನ ಸೈಟು,
ಹಾಗೆಂದು ನಿನ್ನ ತಮ್ಮ ಹೇಳುತ್ತಾನೆ;
ಉತ್ತರಕ್ಕೆ ಓಣಿ.
ನೀನು ಸ್ಕೂಟರು ನಿಲ್ಲಿಸುತ್ತಿದ್ದಲ್ಲಿ ಎಣ್ಣೆಯ ಕಲೆ.
ಸ್ಕೂಟರು ಹನ್ನೊಂದು ಸಾವಿರಕ್ಕೆ ಹೋಯಿತು,
ಕಲೆಯನ್ನು ಯಾರೂ ಕೇಳಲಿಲ್ಲ.
ಈ ಮಧ್ಯೆ ಇರುವ ಸ್ವತ್ತು
ನಿಧಿ ನಿಕ್ಷೇಪ ಜಲ ತರು ಪಾಷಾಣ ಸಹಿತ ನನ್ನದು.
ಜಲ ದಿನ ಬಿಟ್ಟು ದಿನ ಬರುತ್ತದೆ.
ತರು ಎಂದರೆ ಒಂದು ಕರಿಬೇವು.

ಸಣ್ಣೀರಮ್ಮನ ಕುಡುಗೋಲು
ಭಾನುವಾರದ ಪುರವಣಿಯಲ್ಲಿ ಅಚ್ಚಾಯಿತು,
ಹೆಸರು ಬದಲಿಸಿದ್ದೆ.
ಇನ್ನೂರೈವತ್ತು ಗೌರವಧನ ಫೋನಿಗೆ ಬಂದು ಬಿತ್ತು.
ಅರ್ಜಿ, ಅರ್ಜಿ, ಫಾರಂ, ಅರ್ಜಿ,
ಅದರ ಕೆಳಗೆ ‘ಕವಿತೆ’ ಎಂದು ಜಮೆಯ ಪುಟದಲ್ಲಿ ಬರೆದು
ಬಹಳ ಹೊತ್ತು ಪುಸ್ತಕ ಮುಚ್ಚಲಿಲ್ಲ.
ಮಾರನೆಯ ದಿನ ಬಡ್ಡಿಗೆ ಕಟ್ಟಿದೆ.
ಬಳೆಗಳು ಇನ್ನೂ ಅಲ್ಲೇ ಇವೆ.

ಭಾದ್ರಪದದಲ್ಲಿ ಸಣ್ಣೀರಮ್ಮ ಮತ್ತೆ ಬಂದಳು.
ಸಾಕ್ಷಿ ಸಹಿ ಇಲ್ಲವೆಂದು ಕಾಗದ ವಾಪಸಾಗಿತ್ತು.
ಒಂದು ನಾನು ಹಾಕಿದೆ, ಒಂದು ಸಾಹೇಬರು.
ದುಡ್ಡು ಬೇಡವೆಂದರೆ
ಸೆರಗು ಬಿಚ್ಚಿ ನಾಲ್ಕು ಆಲೂಗಡ್ಡೆ ಮೇಜಿನ ಮೇಲಿಟ್ಟಳು,
ಮಣ್ಣು ಇನ್ನೂ ಹಸಿ.

ರಾತ್ರಿ ಸಾರಿಗೆ ಹಾಕಿದೆ.
ಉಪ್ಪು ಜಾಸ್ತಿ ಎಂದಳು ಮಗಳು,
ತಟ್ಟೆಯಿಂದ ತಲೆಯೆತ್ತದೆ,
ಥೇಟ್ ನಿನ್ನ ಹಾಗೆ.